ಎಸಿ, ಫ್ರಿಡ್ಜ್ ಕೆಲಸಕ್ಕೆ ಯಾವ ವ್ಯಾಕ್ಯೂಮ್ ಪಂಪ್ ತಗೋಬೇಕು? ದುಡ್ಡೆಲ್ಲಾ ಪಂಪಿಗೇ ಹಾಕ್ಬೇಡಿ

ಹೋದ ವಾರ ನಮ್ಮೂರ ಕಡೆ ಹುಡುಗ ಒಬ್ಬ ಫೋನ್ ಮಾಡಿದ್ದ. ಐಟಿಐ ಮುಗಿಸಿ ಎರಡು ವರ್ಷ ಬೇರೆಯವರ ಕೈಕೆಳಗೆ ದುಡಿದು ಈಗ ಸ್ವಂತ ಕೆಲಸ ಶುರು ಮಾಡ್ತಿದಾನೆ. "ಅಣ್ಣಾ, ಕೈಲಿ 20 ಸಾವಿರ ಇದೆ. ಅಂಗಡಿಯವ್ರು 6 ಸಿಎಫ್‌ಎಂ ಪಂಪೇ ತಗೊಳ್ಳಿ ಅಂತಾರೆ, ನಮ್ ಮೇಸ್ತ್ರಿ ಹಳೇ ಫ್ರಿಡ್ಜ್ ಕಂಪ್ರೆಸರಲ್ಲೇ ಮಾಡ್ಕೊಳೋ, ಯಾಕೆ ಸುಮ್ನೆ ದುಡ್ಡು ದಂಡ ಅಂತಾರೆ, ಫ್ರೆಂಡ್ ಒಬ್ಬ ಬ್ಯಾಟರಿದು ತಗೋ ಅಂತಾನೆ. ತಲೆ ಕೆಟ್ಟೋಗಿದೆ, ನೀವೇ ಹೇಳಿ" ಅಂದ. ಇದೇ ಪ್ರಶ್ನೆ ಬೇಸಿಗೆ ಬಂತು ಅಂದ್ರೆ ನಂಗೆ ಸುಮಾರ್ ಜನ ಕೇಳ್ತಾರೆ. ಫೋನಲ್ಲಿ ಅರ್ಧಂಬರ್ಧ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದ್ಸಲ ಕೂತು ಪೂರ್ತಿ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ಪಂಪಿನ ಡಬ್ಬದ ಮೇಲಿರೋ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಗಾಳಿ ಎಳೆಯುತ್ತೆ ಅನ್ನೋ ಅಳತೆ) ನಂಬರ್ ನೋಡಿ ಪಂಪ್ ತಗೊಳ್ಳೋದು ತಪ್ಪು. 20 ಸಾವಿರ ಇದ್ರೆ 20 ಸಾವಿರದ ಪಂಪ್ ತಗೊಳ್ಳೋದು ಅದಕ್ಕಿಂತ ದೊಡ್ಡ ತಪ್ಪು. ಯಾಕೆ ಅಂತ ಕೆಳಗೆ ಬರುತ್ತೆ.

ಪಂಪ್ ನಿಜವಾಗಿ ಏನ್ ಮಾಡುತ್ತೆ

ಗ್ಯಾಸ್ ತುಂಬೋ ಮೊದ್ಲು ಮೆಷಿನ್ ಪೈಪೊಳಗಿನ ಗಾಳಿ ತೆಗಿಯುತ್ತೆ, ಅದು ಎಲ್ಲರಿಗೂ ಗೊತ್ತು. ಆದ್ರೆ ಮುಖ್ಯ ಕೆಲಸ ನೀರು ತೆಗಿಯೋದು. ಪೈಪೊಳಗೆ ಕಣ್ಣಿಗೆ ಕಾಣ್ದಂಗೆ ಅಂಟ್ಕೊಂಡಿರೋ ತೇವ ಇರುತ್ತಲ್ಲ, ಅದನ್ನ ಪಂಪ್ ನೇರವಾಗಿ ಎಳೆಯಕ್ಕಾಗಲ್ಲ, ಒಳಗಿನ ಒತ್ತಡ ಇಳಿಸಿ ಆ ನೀರನ್ನ ಅಲ್ಲೇ ಕುದಿಸಿ ಆವಿ ಮಾಡಿ ಎಳ್ಕೊಳ್ಳುತ್ತೆ. ಒಲೆ ಮೇಲೆ ನೀರು 100 ಡಿಗ್ರಿಗೆ ಕುದಿಯುತ್ತೆ, ಒತ್ತಡ 24 ಮಿಲಿಮೀಟರ್ ಪಾದರಸಕ್ಕೆ ಇಳಿಸಿದ್ರೆ ಅದೇ ನೀರು 25 ಡಿಗ್ರಿಗೇ ಕುದಿಯುತ್ತೆ. ಈ 24 ಮಿಲಿಮೀಟರ್ ಅಂದ್ರೆ ನಮ್ ಭಾಷೇಲಿ 24,000 ಮೈಕ್ರಾನ್. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿ ಒತ್ತಡ 7,60,000 ಮೈಕ್ರಾನ್. ನಾವು ಮುಟ್ಟಬೇಕಾದ ಗುರಿ 500.

ಈ ನೀರು ಒಳಗೇ ಉಳಿದ್ರೆ ಏನಾಗುತ್ತೆ ಅಂತ ಫ್ರಿಡ್ಜ್ ಕೆಲಸ ಮಾಡಿದವ್ರಿಗೆ ಬೇಗ ಗೊತ್ತಾಗುತ್ತೆ. ಗ್ಯಾಸ್ ಹಾಕಿ ಬಂದಿರ್ತೀರಿ, ಎರಡು ದಿನ ಚೆನ್ನಾಗಿ ಓಡುತ್ತೆ, ಮೂರನೇ ದಿನ ಕೂಲಿಂಗ್ ಇಲ್ಲ ಅಂತ ಫೋನು. ಹೋಗಿ ನೋಡಿದ್ರೆ ಕಂಪ್ರೆಸರ್ ಓಡ್ತಿದೆ, ಆದ್ರೆ ಫ್ರೀಜರ್ ಹತ್ರ ಕಿವಿ ಇಟ್ರೆ ಗ್ಯಾಸ್ ಹರಿಯೋ ಸುಯ್ ಸದ್ದೇ ಇಲ್ಲ. ಕ್ಯಾಪಿಲರಿ (ಗ್ಯಾಸ್ ಹರಿಯೋ ಕೂದಲೆಳೆಯಂಥ ಸಣ್ಣ ಪೈಪು) ಕೊನೇಲಿ ಸ್ವಲ್ಪ ಬಿಸಿ ತೋರಿಸಿದ್ರೆ ಒಂದು ನಿಮಿಷದಲ್ಲಿ ಸುಯ್ ಅಂತ ಮತ್ತೆ ಶುರು. ಒಳಗಿದ್ದ ಒಂದೇ ಒಂದು ಹನಿ ಅಲ್ಲಿ ಮಂಜುಗಡ್ಡೆ ಆಗಿ ಕೂತಿತ್ತು ಅಷ್ಟೇ. ಮಾಯಿಶ್ಚರ್ ಚೋಕ್ ಅಂತೀವಿ. ಎಸಿಲಿ ಇಷ್ಟು ಬೇಗ ಕಾಣಲ್ಲ, ಆದ್ರೆ ಆರ್410ಎ, ಆರ್32 ಗ್ಯಾಸಿನ ಮೆಷಿನ್‌ಗಳಲ್ಲಿ ಇರೋ ಪಿಒಇ ಅನ್ನೋ ಕಂಪ್ರೆಸರ್ ಆಯಿಲ್ ನೀರು ಹೀರ್ಕೊಳ್ಳೋದ್ರಲ್ಲಿ ಸ್ಪಂಜಿದ್ದಂಗೆ, ನೀರು ಸೇರಿ ಆಮ್ಲ ಆಗಿ ಕಂಪ್ರೆಸರ್ ವೈಂಡಿಂಗ್ ತಿನ್ನುತ್ತೆ. ಹಳೇ ಆರ್22 ಮೆಷಿನ್‌ಗಳ ಮಿನರಲ್ ಆಯಿಲ್ ಇಷ್ಟು ನೀರು ಹಿಡೀತಿರಲಿಲ್ಲ, ಅದಕ್ಕೇ ಹಳೇ ಮೇಸ್ತ್ರಿಗಳು ಹತ್ತು ನಿಮಿಷ ಏನೋ ಒಂದು ಎಳೆದು ಗ್ಯಾಸ್ ಬಿಟ್ರೂ ಮೆಷಿನ್ ಓಡ್ತಿತ್ತು. ಅವ್ರು ಸುಳ್ಳು ಹೇಳ್ತಿಲ್ಲ, ಕಾಲ ಬದಲಾಗಿದೆ.

ಯಾವ ಯಾವ ವಿಷಯ ನೋಡ್ಬೇಕು

ಮೊದಲ್ನೇದು ಎಷ್ಟು ಆಳಕ್ಕೆ ಎಳೆಯುತ್ತೆ ಅನ್ನೋದು. ಡಬ್ಬದ ಮೇಲೆ ಅಲ್ಟಿಮೇಟ್ ವ್ಯಾಕ್ಯೂಮ್ ಅಂತ ಬರೆದಿರ್ತಾರೆ, ಒಂದೇ ರೋಟರ್ ಇರೋ ಸಿಂಗಲ್ ಸ್ಟೇಜಲ್ಲಿ ಸಾಮಾನ್ಯವಾಗಿ 150 ಮೈಕ್ರಾನ್ ಆಸುಪಾಸು, ಎರಡು ರೋಟರಿನ ಟೂ ಸ್ಟೇಜಲ್ಲಿ 15ರಿಂದ 50. ಕೆಲವರು ಪಾಸ್ಕಲ್‌ನಲ್ಲಿ ಹಾಕಿರ್ತಾರೆ, ಒಂದು ಪಾಸ್ಕಲ್ ಅಂದ್ರೆ ಏಳೂವರೆ ಮೈಕ್ರಾನ್. ಇದು ಹೊಸ ಪಂಪು, ಹೊಸ ಆಯಿಲ್, ಬಾಯಿ ಮುಚ್ಚಿ ನೋಡಿದಾಗಿನ ನಂಬರ್. ಸೈಟಲ್ಲಿ ಆಯಿಲ್ ಸ್ವಲ್ಪ ಕೆಟ್ಟಿರುತ್ತೆ, ಹೋಸ್ ಎಲ್ಲೋ ಸೂಕ್ಷ್ಮವಾಗಿ ಲೀಕ್ ಇರುತ್ತೆ. ಹಾಗಾಗಿ 150ರ ಪಂಪಿಗೆ 500 ಮುಟ್ಟೋದು ಏದುಸಿರು ಬಿಡೋ ಕೆಲಸ, 25ರ ಪಂಪಿಗೆ ಸಲೀಸು.

ಎರಡನೇದು ವೇಗ, ಅದೇ ಸಿಎಫ್‌ಎಂ. ಒಂದು ಸಿಎಫ್‌ಎಂ ಅಂದ್ರೆ ನಿಮಿಷಕ್ಕೆ 28 ಲೀಟರ್ ಚಿಲ್ಲರೆ, ಕೆಲವು ಪಂಪುಗಳ ಮೇಲೆ ಎಲ್‌ಪಿಎಂ ಅಂತಾನೇ ಬರೆದಿರುತ್ತೆ. ಕೆಲಸದವ್ರು ಬಳಸೋ ಒಂದು ಸುಲಭ ಲೆಕ್ಕ ಇದೆ, ಮೆಷಿನ್ ಎಷ್ಟು ಟನ್ನೋ ಅದರ ವರ್ಗಮೂಲದಷ್ಟು ಸಿಎಫ್‌ಎಂ ಇದ್ರೆ ಸಾಕು. 4 ಸಿಎಫ್‌ಎಂ ಪಂಪ್ 16 ಟನ್ ತನಕ ಬರುತ್ತೆ. ಒಂದೂವರೆ ಟನ್ ಸ್ಪ್ಲಿಟ್‌ಗೆ ಲೆಕ್ಕದ ಪ್ರಕಾರ ಬೇಕಾಗಿರೋದು ಬರೀ ಒಂದೂಕಾಲು ಸಿಎಫ್‌ಎಂ. ಅಂಗಡಿಯವ್ರು ಆ ಹುಡುಗನಿಗೆ 6 ತಗೋ ಅಂದಿದ್ದು ಯಾವ ಲೆಕ್ಕದಲ್ಲಿ ಅಂತ ನಂಗಂತೂ ಅರ್ಥ ಆಗ್ಲಿಲ್ಲ. ಇನ್ನೊಂದು ವಿಷಯ, ಹೊರದೇಶಕ್ಕೆ ಅಂತ ಮಾಡಿದ ಪಂಪುಗಳ ಮೇಲಿನ ದೊಡ್ಡ ನಂಬರ್ 60 ಹರ್ಟ್ಸ್ ಕರೆಂಟಿಂದು, ನಮ್ಮಲ್ಲಿರೋದು 50. ಮೋಟ್ರು ಅಷ್ಟು ನಿಧಾನ ತಿರುಗುತ್ತೆ, 6 ಅಂತಿದ್ರೆ ಕೈಗೆ ಸಿಗೋದು 5. ಪ್ಲೇಟಲ್ಲಿ ಎರಡೂ ನಂಬರ್ ಕೊಟ್ಟಿದ್ರೆ 50 ಹರ್ಟ್ಸಿನದ್ದೇ ಓದಿ.

ಮೂರನೇದು ಕರೆಂಟ್ ಹೋದಾಗ ಪಂಪ್ ಏನ್ ಮಾಡುತ್ತೆ ಅನ್ನೋದು. ಇದನ್ನ ಯಾರೂ ಕೇಳಲ್ಲ, ನಾನು ಅನುಭವಿಸಿ ಕಲ್ತಿದ್ದು. ಮಂಗಳೂರಲ್ಲಿದ್ದಾಗ ಜೂನ್ ತಿಂಗಳು, ಜಡಿಮಳೆ, ಒಂದು ಬಟ್ಟೆ ಅಂಗಡಿಲಿ 2 ಟನ್ ಸ್ಪ್ಲಿಟ್‌ಗೆ ವ್ಯಾಕ್ಯೂಮ್ ಹಾಕಿ ಎದುರುಗಡೆ ಚಾ ಕುಡಿಯಕ್ಕೆ ಹೋದೆ. ಕರೆಂಟ್ ಹೋಯ್ತು. ನಾನು ಓಡಿ ಬರೋಷ್ಟರಲ್ಲಿ ಹಳದಿ ಹೋಸ್ ಒಳಗೆ ಆಯಿಲ್ ತುಂಬಿ ಮ್ಯಾನಿಫೋಲ್ಡ್ (ಹೋಸುಗಳು, ಗೇಜುಗಳು ಸೇರೋ ವಾಲ್ವ್ ಸೆಟ್ಟು) ಗಾಜಲ್ಲಿ ಕಾಣ್ತಿತ್ತು. ಮೆಷಿನ್ ಒಳಗೆ ಖಾಲಿ, ಹೊರಗೆ ಗಾಳಿ, ನಡುವೆ ನಿಂತಿರೋ ಪಂಪು. ಗಾಳಿ ಪಂಪಿನ ಮೂಲಕಾನೇ ಹಿಂದಕ್ಕೆ ನುಗ್ಗಿ ಪಂಪಿನ ಆಯಿಲ್ಲನ್ನೂ ತಳ್ಕೊಂಡು ಹೋಗಿತ್ತು. ಪೈಪಿನ ಫ್ಲೇರ್ ಜಾಯಿಂಟ್ ಬಿಚ್ಚಿ, ಇಂಡೋರ್ ಇಳಿಸಿ, ನೈಟ್ರೋಜನ್ ಹಾಕಿ ಪೈಪೆಲ್ಲಾ ಊದಿ, ಮತ್ತೆ ಜೋಡಿಸಿ ವ್ಯಾಕ್ಯೂಮ್ ಮುಗಿಸೋಷ್ಟರಲ್ಲಿ ರಾತ್ರಿ ಒಂಬತ್ತು. ಅಂಗಡಿಯವ್ರು ಶಟರ್ ಅರ್ಧ ಎಳೆದು ಕಾಯ್ತಾ ಕೂತಿದ್ರು. ಇದಕ್ಕೆ ಔಷಧಿ ಅಂದ್ರೆ ಸಲೆನಾಯ್ಡ್ ವಾಲ್ವ್ ಇರೋ ಪಂಪು, ಕರೆಂಟ್ ಹೋದ ತಕ್ಷಣ ತಾನೇ ಬಾಯಿ ಮುಚ್ಕೊಳ್ಳುತ್ತೆ. ಕೆಲವು ಪಂಪಲ್ಲಿ ಸ್ಪ್ರಿಂಗ್ ಚೆಕ್ ವಾಲ್ವ್ ಇರುತ್ತೆ, ಅದೂ ಪರವಾಗಿಲ್ಲ. ಕಮ್ಮಿ ರೇಟಿನವುಗಳಲ್ಲಿ ಎರಡೂ ಇಲ್ದೇ ಇರೋದು ಜಾಸ್ತಿ. ನಮ್ಮ ಹಳ್ಳಿ ಕಡೆ, ಮಳೆಗಾಲದ ಕರಾವಳಿ ಕಡೆ ಕೆಲಸ ಮಾಡೋರು ಇದನ್ನ ಮೊದಲ ಷರತ್ತು ಅಂತ ಇಟ್ಕೊಳ್ಳಿ, ಬೇಕಾದ್ರೆ ಸಿಎಫ್‌ಎಂ ಒಂದು ಕಮ್ಮಿ ಇರ್ಲಿ.

ನಾಲ್ಕನೇದು ಗ್ಯಾಸ್ ಬ್ಯಾಲಾಸ್ಟ್. ಪಂಪಿನ ಮೇಲೆ ಒಂದು ಸಣ್ಣ ತಿರುಪು ಅಥವಾ ಮುಚ್ಚಳ ಇರುತ್ತಲ್ಲ, ಅದು. ಅದನ್ನ ಸ್ವಲ್ಪ ತೆಗೆದಿಟ್ರೆ ಪಂಪೊಳಗೆ ಬಂದ ನೀರಿನ ಆವಿ ಅಲ್ಲೇ ನೀರಾಗಿ ಆಯಿಲ್ಲಿಗೆ ಸೇರದೇ ಹೊರಗೆ ಹೋಗುತ್ತೆ. ಶುರುವಲ್ಲಿ ಒಂದಷ್ಟು ಹೊತ್ತು ತೆಗೆದಿಡಿ, ಆಮೇಲೆ ಮುಚ್ಚಿ ಆಳಕ್ಕೆ ಎಳೀರಿ. ಮಳೆಗಾಲದಲ್ಲಿ ಕೆಲಸ ಮಾಡೋರಿಗೆ ಇದು ಇಲ್ದೇ ಆಗಲ್ಲ, ಇಲ್ದಿದ್ರೆ ಆಯಿಲ್ ದಿನಕ್ಕೆರಡು ಸಲ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತೆ.

ತೂಕ, ಕರೆಂಟ್ ಇಲ್ದಿರೋ ಜಾಗ, ಬಿಡಿಭಾಗ ಸಿಗುತ್ತಾ, ಇವೆಲ್ಲಾ ಇದ್ದೇ ಇದೆ, ಒಂದೊಂದು ಪಂಪಿನ ಜೊತೆ ಹೇಳ್ತೀನಿ.

ಬೆಂಗಳೂರಲ್ಲಿ ಮುಳ್ಳು 27ಕ್ಕೇ ನಿಲ್ಲುತ್ತೆ, ಪಂಪ್ ಕೆಟ್ಟಿಲ್ಲ

ಇದನ್ನ ಬೇರೆಯಾಗಿ ಹೇಳಲೇಬೇಕು. ಮಂಗಳೂರಿಂದ ಬೆಂಗಳೂರಿಗೆ ಬಂದ ಹೊಸದ್ರಲ್ಲಿ ನನ್ನ ಮ್ಯಾನಿಫೋಲ್ಡಿನ ನೀಲಿ ಗೇಜಲ್ಲಿ ಮುಳ್ಳು 27 ಇಂಚಿಗೆ ಬಂದು ನಿಂತ್ಬಿಡ್ತಿತ್ತು. ಅಲ್ಲಿ ಹತ್ರ ಹತ್ರ 30 ತೋರಿಸ್ತಿದ್ದ ಪಂಪು. ಆಯಿಲ್ ಬದಲಾಯಿಸ್ದೆ, ಹೋಸ್ ಬದಲಾಯಿಸ್ದೆ, ಸೀಲ್ ಹೋಗಿದೆ ಅಂತ ರಿಪೇರಿಯವ್ರ ಹತ್ರಾನೂ ಹೋದೆ. ಪಂಪಲ್ಲಿ ಏನೂ ಆಗಿರಲಿಲ್ಲ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿ ಒತ್ತಡಾನೇ 27 ಇಂಚಿನ ಹತ್ರ. ಇರೋದೇ 27 ಆದ್ಮೇಲೆ 30 ಎಲ್ಲಿಂದ ಎಳೆಯೋದು? ಮಡಿಕೇರಿಲಿ ಇನ್ನೂ ಮೇಲೆ, ಅಲ್ಲಿ 26ಕ್ಕೇ ನಿಲ್ಲುತ್ತೆ. ಮುಳ್ಳು ಬರ್ತಿಲ್ಲ ಅಂತ ಒಳ್ಳೇ ಪಂಪನ್ನ ಅರ್ಧ ರೇಟಿಗೆ ಮಾರಿ ಹೊಸದು ತಗೊಂಡವ್ರನ್ನೂ ನೋಡಿದೀನಿ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು ಕಡೆಯಿಂದ ನೋಡಿ. ಆ ಗೇಜಲ್ಲಿ ಒಂದು ಇಂಚು ಅಂದ್ರೆ 25,400 ಮೈಕ್ರಾನ್. ನಮ್ ಗುರಿ 500, ಅಂದ್ರೆ ಒಂದು ಇಂಚಿನ ಐವತ್ತರಲ್ಲಿ ಒಂದು ಭಾಗ. ಮುಳ್ಳಿನ ದಪ್ಪಾನೇ ಅದಕ್ಕಿಂತ ಜಾಸ್ತಿ. 500 ಮೈಕ್ರಾನ್ ಇದ್ರೂ 10,000 ಇದ್ರೂ ಮುಳ್ಳು ನಿಂತಿರೋ ಜಾಗ ಕಣ್ಣಿಗೆ ಒಂದೇ. ಗೇಜ್ ನೋಡಿ ವ್ಯಾಕ್ಯೂಮ್ ಆಯ್ತು ಅನ್ನೋದು ಹಣೆ ಮುಟ್ಟಿ ಜ್ವರ 101 ಇದೆಯೋ 102 ಇದೆಯೋ ಅಂತ ಹೇಳಿದಂಗೆ. ಮೈಕ್ರಾನ್ ಲೆಕ್ಕದಲ್ಲೇ ವ್ಯಾಕ್ಯೂಮ್ ಅಳೆಯೋ ಮೈಕ್ರಾನ್ ಗೇಜ್ ಇಲ್ದೇ ಯಾವ ಪಂಪ್ ಚೆನ್ನಾಗಿದೆ ಅನ್ನೋ ಚರ್ಚೆಗೇ ಅರ್ಥ ಇಲ್ಲ.

ಈಗ ಒಂದೊಂದಾಗಿ ನೋಡೋಣ

ಹಳೇ ಫ್ರಿಡ್ಜ್ ಕಂಪ್ರೆಸರ್. ಗುಜರೀಲಿ ಸಾವಿರ, ಒಂದೂವರೆ ಸಾವಿರಕ್ಕೆ ಸಿಗುತ್ತೆ, ನಮ್ಮ ಎಷ್ಟೋ ಮೇಸ್ತ್ರಿಗಳು ಅದರಲ್ಲೇ ಸಂಸಾರ ಸಾಕಿದಾರೆ, ಆ ಗೌರವ ನಂಗಿದೆ. ಆದ್ರೆ ಅದು ಗ್ಯಾಸ್ ಒತ್ತಕ್ಕೆ ಮಾಡಿದ ಮೆಷಿನ್ನು. ಪಿಸ್ಟನ್ ಮೇಲೆ ಹೋದಾಗ್ಲೂ ಅಲ್ಲಿ ಸ್ವಲ್ಪ ಜಾಗ ಉಳಿಯುತ್ತೆ, ಅಲ್ಲಿ ಸಿಕ್ಕ ಗಾಳಿ ಮತ್ತೆ ಹಿಗ್ಗುತ್ತೆ, ಹಾಗಾಗಿ ಒಂದು ಹಂತ ಆದ್ಮೇಲೆ ಎಷ್ಟು ಓಡಿಸಿದ್ರೂ ಕೆಳಗಿಳಿಯಲ್ಲ, 500 ಅಂತೂ ಕನಸು. ಅದರ ಮೋಟ್ರು ತಣ್ಣಗಾಗೋದೇ ವಾಪಸ್ ಬರೋ ಗ್ಯಾಸಿಂದ, ವ್ಯಾಕ್ಯೂಮಲ್ಲಿ ಗ್ಯಾಸೇ ಇರಲ್ವಲ್ಲ, ಒಳಗೊಳಗೇ ಬಿಸಿಯಾಗಿ ಸಾಯುತ್ತೆ. ಹಳೇ ಆರ್134ಎ ಫ್ರಿಡ್ಜಿಗೆ ಡ್ರೈಯರ್ (ತೇವ ಹೀರೋ ಫಿಲ್ಟರ್) ಬದಲಾಯಿಸಿ ಎರಡು ಮೂರು ಸಲ ಎಳೆದು ಗ್ಯಾಸ್ ಹಾಕಿದ್ರೆ ಹೇಗೋ ನಡೆಯುತ್ತೆ. ಆರ್32 ಇನ್ವರ್ಟರ್ ಎಸಿಗೆ ಇದನ್ನ ಹಾಕ್ಬೇಡಿ, ದಯವಿಟ್ಟು. ಉರಿಯೋ ಗ್ಯಾಸ್ ಇರೋ ಆರ್600ಎ ಫ್ರಿಡ್ಜಿಗೂ ಬೇಡ, ಗುಜರಿ ಕಂಪ್ರೆಸರಿನ ರಿಲೇ ಪ್ರತಿ ಸಲ ಕಿಡಿ ಹಾರಿಸುತ್ತೆ.

ಸಣ್ಣ ಸಿಂಗಲ್ ಸ್ಟೇಜ್, ಒಂದೂವರೆಯಿಂದ ಎರಡೂವರೆ ಸಿಎಫ್‌ಎಂ. ಬ್ರ್ಯಾಂಡ್ ಮೇಲೆ ಅಂದಾಜು 5ರಿಂದ 7 ಸಾವಿರ. ಐದಾರು ಕೆಜಿ ತೂಕ, ಸ್ಕೂಟರ್ ಮುಂದೆ ಕಾಲ ಹತ್ರ ಇಟ್ಕೊಂಡು ಹೋಗ್ಬಹುದು. ಬರೀ ಫ್ರಿಡ್ಜ್, ಡೀಪ್ ಫ್ರೀಜರ್, ವಾಟರ್ ಕೂಲರ್ ಮಾಡೋರಿಗೆ ಇದು ನ್ಯಾಯವಾದ ಪಂಪು ಅಂತ ನಾನು ಮನಸಾರೆ ಹೇಳ್ತೀನಿ. ಯಾಕಂದ್ರೆ ಫ್ರಿಡ್ಜಲ್ಲಿ ಅಡ್ಡ ಬರೋದು ಪಂಪಲ್ಲ, ಕ್ಯಾಪಿಲರಿ. ಕೂದಲೆಳೆಯಂಥ ತೂತಿನ ಆ ಕಡೆ ಇರೋ ಗಾಳಿ ಈ ಕಡೆ ಬರಕ್ಕೆ ಅದರದ್ದೇ ಟೈಮ್ ತಗೊಳ್ಳುತ್ತೆ, ಹಿಂದೆ 8 ಸಿಎಫ್‌ಎಂ ಕಟ್ಟಿದ್ರೂ ಅಷ್ಟೇ. ಅಲ್ಲಿ ಬೇಕಾಗಿರೋದು ತಾಳ್ಮೆ, ಸಾಧ್ಯ ಆದ್ರೆ ಡ್ರೈಯರ್ ಕಡೆಯಿಂದ್ಲೂ ಒಂದು ಲೈನ್ ತೆಗೆದು ಎರಡೂ ಕಡೆಯಿಂದ ಎಳೀರಿ. ಎಸಿಗೂ ಬಳಸಬಹುದು, ಮೂರ್ನಾಲ್ಕು ಮೀಟರ್ ಪೈಪಿನ ಹೊಸ ಒಂದು ಟನ್ ಎಸಿಗೆ ತೊಂದರೆ ಇಲ್ಲ. ಆದ್ರೆ ದಿನಕ್ಕೆ ನಾಲ್ಕು ಎಸಿ ಹಾಕೋನಿಗೆ, ನೀರು ಹೊಕ್ಕಿರೋ ಹಳೇ ಲೈನ್ ಸಿಕ್ಕಿದಾಗ, 1,500ರಿಂದ ಕೆಳಗೆ ಇಳಿಸೋದ್ರಲ್ಲೇ ಸಂಜೆ ಆಗ್ಬಿಡುತ್ತೆ. ಈ ರೇಟಲ್ಲಿ ಸಲೆನಾಯ್ಡ್ ಸಿಗೋದು ಕಷ್ಟ, ಬಾಯಿಗೆ ಒಂದು ಬಾಲ್ ವಾಲ್ವ್ ಹಾಕ್ಸಿ, ಪಂಪ್ ಓಡ್ತಿರೋವಾಗ ಪಕ್ಕ ಬಿಟ್ಟು ಹೋಗ್ಬೇಡಿ.

ಟೂ ಸ್ಟೇಜ್, 3ರಿಂದ 4 ಸಿಎಫ್‌ಎಂ. ಇದರಲ್ಲಿ ಒಂದರ ಹಿಂದೆ ಒಂದು ಎರಡು ರೋಟರ್, ಮೊದಲ್ನೇದು ಬಿಟ್ಟಿದ್ದನ್ನ ಎರಡನೇದು ಎಳೆಯುತ್ತೆ, ಅದಕ್ಕೇ ಅಷ್ಟು ಆಳಕ್ಕೆ ಹೋಗೋದು. 9ರಿಂದ 14 ಸಾವಿರದೊಳಗೆ ನಮ್ಮ ಮಾರ್ಕೆಟಲ್ಲಿ ಸುಲಭವಾಗಿ ಸಿಗುತ್ತೆ, ವ್ಯಾಲ್ಯೂ ಥರದ ಚೀನಾ ಬ್ರ್ಯಾಂಡುಗಳೇ ಜಾಸ್ತಿ, ಅದರ ಸೀಲು, ಆಯಿಲ್ ಗಾಜು, ಫ್ಯಾನು ಎಲ್ಲಾ ಬಿಡಿಯಾಗಿ ಸಿಗೋದು ದೊಡ್ಡ ಅನುಕೂಲ. ರಾಬಿನೇರ್, ಜೆಬಿ, ಫೀಲ್ಡ್‌ಪೀಸ್ ಥರದ ಅಮೆರಿಕದ ಹೆಸರುಗಳು ಇದಕ್ಕಿಂತ ಎಷ್ಟೋ ದುಬಾರಿ, ಮುಟ್ಟಿ ನೋಡಿದ್ರೇನೇ ಕಟ್ಟುವಿಕೆ ಬೇರೆ ಅಂತ ಗೊತ್ತಾಗುತ್ತೆ, ಆದ್ರೆ ಮೊದಲ ಪಂಪಿಗೆ ಅಷ್ಟು ಸುರಿಯೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಯಾರೋ ನೆಂಟರು ಅಮೆರಿಕದಿಂದ ತಂದ್ಕೊಡ್ತಾರೆ ಅಂದ್ರೆ ಮೋಟ್ರು 110 ವೋಲ್ಟಿಂದಾ 230ದಾ ಅಂತ ಮೊದ್ಲು ಕೇಳಿ. ಮನೆ ಎಸಿ, ಅಂಗಡಿಯ ಕ್ಯಾಸೆಟ್ ಎಸಿ, ಡಕ್ಟೆಬಲ್ ಎಸಿ, ಫ್ರಿಡ್ಜು, ಡೇರಿಯ ಬಲ್ಕ್ ಮಿಲ್ಕ್ ಕೂಲರ್, ಎಲ್ಲದಕ್ಕೂ ಈ ಒಂದು ಪಂಪ್ ಬರುತ್ತೆ. ತೂಕ ಮಾತ್ರ 8ರಿಂದ 11 ಕೆಜಿ, ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಆಮೇಲೆ ಏಣಿ ಹತ್ತೋವಾಗ ಕೈ ಜಗ್ಗುತ್ತೆ. ಇನ್ನೊಂದು ತೊಂದರೆ ಹಳ್ಳಿಯಲ್ಲಿ ವೋಲ್ಟೇಜ್ ಕಮ್ಮಿ ಇದ್ದು ಚಳಿಗಾಲದ ಬೆಳಗ್ಗೆ ಆಯಿಲ್ ಗಟ್ಟಿಯಾಗಿದ್ರೆ ಮೋಟ್ರು ಬರೀ ಗುಂಯ್ ಅನ್ನುತ್ತೆ, ತಿರುಗಲ್ಲ. ಬಾಯಿ ಮುಚ್ಚಳ ತೆಗೆದು ಬ್ಯಾಲಾಸ್ಟ್ ಬಿಚ್ಚಿ ಸ್ಟಾರ್ಟ್ ಮಾಡಿ ಒಂದು ನಿಮಿಷ ಖಾಲಿ ಓಡಿಸಿದ್ರೆ ಹಿಡ್ಕೊಳ್ಳುತ್ತೆ. ಗುಂಯ್ ಅಂತಿರೋದನ್ನ ಹಾಗೇ ಬಿಟ್ರೆ ವೈಂಡಿಂಗ್ ಹೋಗುತ್ತೆ.

6, 8, 10 ಸಿಎಫ್‌ಎಂ. ವಿಆರ್‌ಎಫ್ (ಒಂದೇ ಔಟ್‌ಡೋರಿಗೆ ಹಲವು ಇಂಡೋರ್ ಇರೋ ದೊಡ್ಡ ಎಸಿ) ಕೆಲಸ, ನೂರಾರು ಮೀಟರ್ ಕಾಪರ್ ಪೈಪು, ದೊಡ್ಡ ಕೋಲ್ಡ್ ರೂಮು ಮಾಡೋರಿಗೆ ಬೇಕೇ ಬೇಕು, ಅವ್ರಿಗೆ ನಾನು ಹೇಳೋದೇನಿಲ್ಲ, ಕಂಪನಿಯೇ ಎಷ್ಟು ಮೈಕ್ರಾನ್, ಎಷ್ಟು ಗಂಟೆ ಅಂತ ಬರೆದು ಕೊಟ್ಟಿರುತ್ತೆ. ಮನೆ ಎಸಿಗೆ ಇದನ್ನ ತಗೊಳ್ಳೋರಿಗೆ ಒಂದು ಮಾತು. ಒದ್ದೆ ಇರೋ ಸಣ್ಣ ಲೈನಿಗೆ ದೊಡ್ಡ ಪಂಪ್ ಹಾಕಿ ದಬಕ್ಕನೆ ಎಳೆದ್ರೆ ನೀರು ಕುದ್ದು ಕುದ್ದು ತನ್ನನ್ನ ತಾನೇ ತಣ್ಣಗೆ ಮಾಡ್ಕೊಂಡು, 4,600 ಮೈಕ್ರಾನಿನ ಕೆಳಗೆ ಒಳಗೇ ಮಂಜುಗಡ್ಡೆ ಆಗ್ಬಿಡಬಹುದು. ಆಮೇಲೆ ಆ ಗಡ್ಡೆ ಸವೆಯೋದು ಬಲು ನಿಧಾನ. ಅಂಥ ಲೈನಿಗೆ ಮದ್ದು ದೊಡ್ಡ ಪಂಪಲ್ಲ. ಸ್ವಲ್ಪ ಎಳೆದು, ಒಣ ನೈಟ್ರೋಜನ್ ಬಿಟ್ಟು, ಮತ್ತೆ ಎಳೆದು, ಮತ್ತೆ ನೈಟ್ರೋಜನ್, ಹಿಂಗೆ ಮೂರು ಸಲ ಮಾಡ್ಬೇಕು. ಇನ್ನು ಅಮೋನಿಯಾ ಐಸ್ ಪ್ಲಾಂಟ್ ಕೆಲಸಕ್ಕೆ ಈ ಯಾವ ಪಂಪೂ ತಗೊಂಡು ಹೋಗ್ಬೇಡಿ, ಅಮೋನಿಯಾ ಹಿತ್ತಾಳೆ, ತಾಮ್ರ ಎಲ್ಲಾ ತಿಂದುಹಾಕುತ್ತೆ.

ಬ್ಯಾಟರಿ ಪಂಪು. ಅಪಾರ್ಟ್‌ಮೆಂಟ್ ಗೋಡೆಗೆ ನೇತಾಕಿರೋ ಔಟ್‌ಡೋರ್ ಹತ್ರ ಜೂಲಾದಲ್ಲಿ ಇಳಿದು ಕೆಲಸ ಮಾಡೋರಿಗೆ, ಇನ್ನೂ ಕರೆಂಟ್ ಬಂದಿಲ್ಲದ ಹೊಸ ಬಿಲ್ಡಿಂಗಲ್ಲಿ ಎಸಿ ಹಾಕೋರಿಗೆ ಇದು ನಿಜವಾಗ್ಲೂ ವರ. ವೈರು ಎಳೆಯೋ ಗೋಳಿಲ್ಲ, ಕರೆಂಟ್ ಹೋಗೋ ಭಯಾನೂ ಇಲ್ಲ. ಆದ್ರೆ ಒಂದು ಬ್ಯಾಟರಿ ಓಡೋದು ಅರ್ಧ ಗಂಟೆಯಿಂದ ಒಂದು ಗಂಟೆ ಚಿಲ್ಲರೆ. ಒಣಗಿರೋ ಹೊಸ ಲೈನಿಗೆ ಸಾಕು, ಹಳೇ ಒದ್ದೆ ಲೈನಿಗೆ ಸಾಕಾಗಲ್ಲ. ಎರಡನೇ ಬ್ಯಾಟರಿ ತಗೋಬೇಕು, ನಾಲ್ಕು ವರ್ಷಕ್ಕೆ ಬ್ಯಾಟರಿ ಸೋತ್ರೆ ಅದೇ ಮಾಡೆಲ್ ಸಿಗುತ್ತಾ ಅಂತ ಯೋಚ್ನೆ ಮಾಡ್ಬೇಕು. ಎರಡನೇ ಪಂಪಾಗಿ ತಗೊಳ್ಳಿ, ಮೊದಲನೇದಾಗಿ ಬೇಡ.

ಸೆಕೆಂಡ್ ಹ್ಯಾಂಡ್, ಬೆಲ್ಟ್ ಪಂಪು ಇವುಗಳ ಬಗ್ಗೆ ಜಾಸ್ತಿ ಹೇಳಲ್ಲ. ಹಳೇ ಬೆಲ್ಟ್ ಪಂಪುಗಳು ಕಬ್ಬಿಣದ ಗುಂಡು, ವರ್ಕ್‌ಶಾಪಲ್ಲಿ ಒಂದು ಮೂಲೇಲಿ ಕೂತು ಹತ್ತಾರು ವರ್ಷ ಓಡುತ್ತೆ, ಹೊತ್ಕೊಂಡು ತಿರುಗಕ್ಕಾಗಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಮೈಕ್ರಾನ್ ಗೇಜ್ ಜೊತೆ ಹೋಗಿ.

ಆರ್32, ಆರ್290 ಕೆಲಸ ಜಾಸ್ತಿ ಇದ್ರೆ

ಈಗ ಹೊಸ ಸ್ಪ್ಲಿಟ್‌ಗಳಲ್ಲಿ ಆರ್32 ಬರ್ತಿದೆ, ಅದು ಸ್ವಲ್ಪ ಉರಿಯೋ ಗ್ಯಾಸು. ಗೋದ್ರೆಜ್ 2012ರಿಂದ ಮಾರಿದ ಕೆಲವು ಎಸಿಗಳಲ್ಲಿ ಆರ್290 ಇದೆ, ಅದು ಪ್ರೊಪೇನು, ಅಡುಗೆ ಸಿಲಿಂಡರಿನಷ್ಟೇ ಹತ್ಕೊಳ್ಳುತ್ತೆ. ಫ್ರಿಡ್ಜಿನ ಆರ್600ಎ ಕೂಡ ಹಂಗೇ. ಪಂಪಿನ ಮೋಟರಲ್ಲಿ ಕಿಡಿ ಹಾರಿಸೋ ಸ್ವಿಚ್ಚೋ ಬ್ರಶ್ಶೋ ಇರಬಾರದು. ಹೊಸ ಪಂಪುಗಳಲ್ಲಿ ಉರಿಯೋ ಗ್ಯಾಸಿಗೆ ಆಗುತ್ತೆ ಅಂತ ಗುರುತು ಹಾಕಿ ಬ್ರಶ್‌ಲೆಸ್ ಮೋಟ್ರು ಕೊಟ್ಟಿರ್ತಾರೆ, ರೇಟು ಸ್ವಲ್ಪ ಜಾಸ್ತಿ. ಇಂಥ ಕೆಲಸ ವಾರಕ್ಕೆ ಎರಡು ಮೂರು ಇದ್ರೆ ಅದನ್ನೇ ತಗೊಳ್ಳಿ. ಯಾವ ಪಂಪಾದ್ರೂ ಸರಿ, ಗ್ಯಾಸ್ ಪೂರ್ತಿ ತೆಗೀದೇ ಪಂಪ್ ಹಚ್ಬೇಡಿ, ಅದರ ಹೊಗೆಬಾಯಿಂದ ಬರೋದು ಅದೇ ಗ್ಯಾಸು. ಕಿಟಕಿ ತೆಗೆದಿರ್ಲಿ, ಪಂಪನ್ನ ಹೊರಗಡೆ ಇಟ್ಟು ಸ್ವಿಚ್ ದೂರದ ಬೋರ್ಡಲ್ಲಿ ಹಾಕಿ.

ಉಳಿದ ದುಡ್ಡು ಎಲ್ಲಿ ಹಾಕೋದು

ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದು. ನಮ್ಮವ್ರು 6 ಸಿಎಫ್‌ಎಂ ಪಂಪ್ ತಗೊಂಡು ಅದಕ್ಕೆ ಅದೇ ಕಾಲಿಂಚಿನ ಸಣ್ಣ ಚಾರ್ಜಿಂಗ್ ಹೋಸ್ ಕಟ್ತಾರೆ, ಅದೂ ಐದಡಿ ಉದ್ದ, ನಡುವೆ ಮ್ಯಾನಿಫೋಲ್ಡು, ಕೊನೇಲಿ ಮೆಷಿನ್ ಬಾಯೊಳಗಿನ ಪಿನ್ ವಾಲ್ವ್ ತೆಗೆದೇ ಇರಲ್ಲ. ಬೋರ್‌ವೆಲ್ಲಿಗೆ ಐದು ಎಚ್‌ಪಿ ಮೋಟ್ರು ಇಳಿಸಿ ಅರ್ಧ ಇಂಚಿನ ಪೈಪ್ ಬಿಟ್ಟಂಗೆ. ಹೋಸಿನ ಒಳಗಿನ ಅಗಲ ಎರಡರಷ್ಟಾದ್ರೆ ಹರಿವು ಶುರುವಲ್ಲಿ 16 ಪಟ್ಟು, ಆಳದ ವ್ಯಾಕ್ಯೂಮಲ್ಲಿ ಗಾಳಿ ತೀರಾ ತೆಳುವಾದಾಗ್ಲೂ 8 ಪಟ್ಟು ಆಗುತ್ತೆ. ಹಾಗಾಗಿ ಮುಕ್ಕಾಲು ಭಾಗ ಕೆಲಸ ಹೋಸಿಂದ್ದೇ. ಪಂಪಿನ ಬಾಯಲ್ಲಿ ಮೂರೆಂಟಿಂಚಿನ (3/8) ತಿರುಪು ಇರೋದು ನೋಡಿ ತಗೊಳ್ಳಿ, ಮೂರೆಂಟಿಂಚಿನ ದಪ್ಪ ಹೋಸು, ಸಾಧ್ಯವಾದಷ್ಟು ಗಿಡ್ಡ, ಮ್ಯಾನಿಫೋಲ್ಡ್ ಬೇಡ, ನೇರವಾಗಿ ಮೆಷಿನ್ನಿಗೆ. ಪಿನ್ ತೆಗೆಯೋ ಕೋರ್ ಟೂಲ್ ಅಂತ ಸಿಗುತ್ತೆ, ಗ್ಯಾಸ್ ಹೋಗದಂಗೆ ಒಳಗಿನ ಪಿನ್ ಹೊರಗೆ ಎಳೆಯೋದು, ಅದೊಂದು ತಗೊಳ್ಳಿ. ಆರ್410ಎ, ಆರ್32 ಸ್ಪ್ಲಿಟ್‌ಗಳ ಸರ್ವಿಸ್ ಬಾಯಿ ಎಷ್ಟೋ ಕಡೆ ಐದು ಹದಿನಾರಿಂಚು (5/16) ಇರುತ್ತೆ, ಅದಕ್ಕೆ ಹೊಂದೋದನ್ನೇ ಕೇಳಿ. ನನ್ನ ಹಳೇ 3 ಸಿಎಫ್‌ಎಂ ಪಂಪು ಈ ದಪ್ಪ ಹೋಸ್ ಹಾಕಿದ್ಮೇಲೆ, ಮೊದ್ಲು 40 ನಿಮಿಷ ತಗೊಳ್ತಿದ್ದ ಒಂದೂವರೆ ಟನ್ ಎಸಿಗೆ ಈಗ 15 ನಿಮಿಷದಲ್ಲಿ 500 ಮುಟ್ಟಿಸುತ್ತೆ. ಪಂಪ್ ಅದೇ, ಆಯಿಲ್ ಅದೇ.

ಮೈಕ್ರಾನ್ ಗೇಜ್ ಪಂಪ್ ಹತ್ರ ಹಾಕ್ಬೇಡಿ, ಅಲ್ಲಿ ಯಾವಾಗ್ಲೂ ಚೆನ್ನಾಗೇ ತೋರಿಸುತ್ತೆ. ಮೆಷಿನ್ ಕಡೆ, ಪಂಪಿಂದ ದೂರ ಇರೋ ಬಾಯಿಗೆ ಹಾಕಿ. 500ಕ್ಕಿಂತ ಕೆಳಗೆ ಬಂದ್ಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಸಿ, 10 ನಿಮಿಷ ಸುಮ್ನೆ ನೋಡ್ತಾ ಇರಿ. ಸ್ವಲ್ಪ ಏರಿ 1,000ದ ಒಳಗೆ ನಿಂತ್ರೆ ಸರಿ. ಅದನ್ನೂ ದಾಟಿ ಏರಿ ಎಲ್ಲೋ ಒಂದು ಕಡೆ ನಿಂತ್ರೆ ಒಳಗೆ ಇನ್ನೂ ನೀರಿದೆ, ಮತ್ತೆ ಎಳೀರಿ. ನಿಲ್ಲದೇ ಏರ್ತಾನೇ ಹೋದ್ರೆ ಲೀಕು, ಪಂಪಿಂದ ಅದು ಸರಿಹೋಗಲ್ಲ, ನೈಟ್ರೋಜನ್ ಹಾಕಿ ಸೋಪ್ ನೀರಲ್ಲಿ ಹುಡುಕಿ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಸಣ್ಣ ಪಂಪಿಗೆ ಒಂದ್ಸಲಕ್ಕೆ ಬೇಕಾಗೋದು ಕಾಲು ಲೀಟರ್ ಚಿಲ್ಲರೆ. ಕಂಪ್ರೆಸರ್ ಆಯಿಲ್ ಹಾಕಿ ಓಡಿಸ್ತೀನಿ ಅನ್ನೋರಿದಾರೆ, ಅದು ವ್ಯಾಕ್ಯೂಮಲ್ಲಿ ತಾನೇ ಆವಿ ಬಿಡುತ್ತೆ, 25ರ ಪಂಪು 800ಕ್ಕೇ ನಿಂತ್ಬಿಡುತ್ತೆ. ವ್ಯಾಕ್ಯೂಮ್ ಪಂಪ್ ಆಯಿಲ್ಲೇ ಹಾಕಿ, ಬಿಸಿ ಇದ್ದಾಗ್ಲೇ ಇಳಿಸಿ, ಗಾಜಲ್ಲಿ ಬೆಳ್ಳಗೆ ಕಂಡ ತಕ್ಷಣ ಬದಲಾಯಿಸಿ.

ಆ ಹುಡುಗನ 20 ಸಾವಿರದ ಲೆಕ್ಕ

ಅವನ ಕೆಲಸ ಮನೆ ಎಸಿ, ಸ್ವಲ್ಪ ಫ್ರಿಡ್ಜು, ಊರು ಹಾಸನ ಕಡೆ, ಓಡಾಟ ಬೈಕಲ್ಲಿ, ಕರೆಂಟ್ ಹೇಳಿ ಕೇಳಿ ಹೋಗಲ್ಲ. ನಾನು ಹೇಳಿದ್ದು, ಟೂ ಸ್ಟೇಜ್ 3 ಸಿಎಫ್‌ಎಂ ಪಂಪು, ಸಲೆನಾಯ್ಡ್ ಮತ್ತೆ ಬ್ಯಾಲಾಸ್ಟ್ ಇರೋದು, 10 ಸಾವಿರದ ಆಸುಪಾಸು. ಮೈಕ್ರಾನ್ ಗೇಜ್ ಆರೇಳು ಸಾವಿರಕ್ಕೆ ಸಿಗೋ ಸಾದಾದು. ಉಳಿದದ್ದರಲ್ಲಿ ದಪ್ಪ ಹೋಸು, ಕೋರ್ ಟೂಲು, ಒಂದು ಲೀಟರ್ ಆಯಿಲ್. ಕೈಲಿ ಬರೀ 8 ಸಾವಿರ ಇದ್ದಿದ್ರೆ ಸಣ್ಣ ಸಿಂಗಲ್ ಸ್ಟೇಜ್ ಪಂಪು, ದಪ್ಪ ಹೋಸು ತಗೋ, ಗೇಜನ್ನ ಮೂರು ತಿಂಗಳು ದುಡಿದ ಮೇಲೆ ತಗೋ, ಅಲ್ಲಿ ತನಕ ಟೈಮ್ ಜಾಸ್ತಿ ಕೊಟ್ಟು ಎಳಿ ಅಂತಿದ್ದೆ. 40 ಸಾವಿರ ಇದ್ದಿದ್ರೂ ಪಂಪ್ ದೊಡ್ಡದು ಮಾಡ್ತಿರಲಿಲ್ಲ, ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ತಗೋ ಅಂತಿದ್ದೆ.

ಬೆಂಗಳೂರಿಗೆ ಬಂದು ಎಸ್‌ಜೆಪಿ ರೋಡ್ ಕಡೆ ನಾಲ್ಕು ಅಂಗಡಿ ನೋಡ್ತೀನಿ ಅಂದ. ಹೋಗೋವಾಗ ಮೊದ್ಲು ಗೇಜ್ ತಗೋ, ಆಮೇಲೆ ಪಂಪ್ ಅಂಗಡಿಗೆ ಹೋಗು ಅಂತ ಹೇಳಿದೀನಿ. ಪಂಪಿಗೆ ಹೊಸ ಆಯಿಲ್ ಹಾಕ್ಸಿ, ಗಾಜಲ್ಲಿ ಗೆರೆ ತನಕ ಇದೆಯಾ ನೋಡಿ, ಎರಡು ನಿಮಿಷ ಖಾಲಿ ಓಡ್ಸಿ, ಬಾಯಿಗೆ ನೇರವಾಗಿ ಗೇಜ್ ಹಚ್ಚಿದ್ರೆ ಟೂ ಸ್ಟೇಜ್ ಪಂಪು ಒಂದೆರಡು ನಿಮಿಷದೊಳಗೆ 100ಕ್ಕಿಂತ ಕೆಳಗೆ ಇಳೀಬೇಕು. ಇಳಿದ್ಮೇಲೆ ಅಂಗಡಿಯವ್ರಿಗೆ ಹೇಳಿ ಪ್ಲಗ್ ಕಿತ್ತುಬಿಡೋದು, ಸ್ವಿಚ್ ಅಲ್ಲ, ಪ್ಲಗ್ಗೇ. ಸಲೆನಾಯ್ಡ್ ಟಕ್ ಅಂತ ಸದ್ದು ಮಾಡಿ ಮುಚ್ಕೋಬೇಕು, ಗೇಜ್ ನಂಬರ್ ನಿಧಾನಕ್ಕೆ ಏರಬಹುದು ಆದ್ರೆ ಜಿಗೀಬಾರ್ದು. ಜಿಗಿದ್ರೆ ಅದನ್ನ ಅಲ್ಲೇ ಬಿಟ್ಟು ಇನ್ನೊಂದು ಪೀಸ್ ತೆಗೆಸಿ ಮತ್ತೆ ಇದೇ ಥರ ನೋಡೋದು.